ಅಂಬರಾಯನ ಬೆಳ್ಳಿ ಗಿಡ

ದಸರೆಯ ದಿನ ಬೆಳಿಗ್ಗೆ ಕಾಶೀನಾಥನ ನಿಂಬೆಗಿಡದ ನಾಲ್ಕು ಎಲೆ ಬೆಳ್ಳಗೆ ಕಂಡಿದ್ದೇ ನೆಪವಾಯಿತು. ಹಿಂದಿನ ದಿನ ಆಯುಧಪೂಜೆಗಿಟ್ಟಿದ್ದ ಕೊಡಲಿ, ಅದರ ಕುಂಕುಮ ಕೂಡ ಒರೆಸದೆ, ಹಿಡಿದುಕೊಂಡು ಪಕ್ಕದ ಮನೆಯ ಅಂಬರಾಯನ ಹಿತ್ತಲಿಗೆ ನುಗ್ಗಿದ.

"ನಿಮ್ಮ ಗಿಡದ ರೋಗ ನನ್ನ ನಿಂಬಿಗಿ ಹತ್ಯಾದ. ಕಡದೇ ಬಿಡ್ತೀನಿ!"

ಅಂಬರಾಯ ಅಡ್ಡ ನಿಂತ. ಕಲಬುರಗಿಯ ನರ್ಸರಿಯಿಂದ ತಂದು, ಸ್ನಾನದ ನೀರು ಉಳಿಸಿ ಮೂರು ವರ್ಷ ಸಾಕಿದ ಗಿಡ. "ರೋಗ ಅಲ್ಲಪಾ, ಅದರ ಬಣ್ಣಾನೇ ಬೆಳ್ಳಿ!"

"ಹೆಸರೇನು ಇದರದು?"

"ಸಿಲ್ವರ್... ಸಿಲ್ವರ್ ಏನೋ ಅಂದಿದ್ದ ನರ್ಸರಿಯವ."

"ಹೆಸರು ಹೇಳಲ್ದಂಗ ಒಳಗ ಬಂದಾದ ಅಂದ್ರ ಕಳ್ಳ ಗಿಡಾನೇ," ಎಂದು ಕಾಶೀನಾಥ ಫೌಜುದಾರನಂತೆ ಸುತ್ತು ಹಾಕಿದ.

ಎದುರುಮನೆಯ ತಬಸ್ಸುಮ್ ಮೊಬೈಲಿನಲ್ಲಿ ಎಲೆಯ ಫೋಟೊ ಹೊಡೆದಳು. ಮೊಬೈಲು ಯೋಚಿಸಿ ಯೋಚಿಸಿ 'ಹೂಕೋಸು' ಎಂದಿತು.

"ಅದಕ್ಕೂ ಡೌಟ್ ಬಂದಾದ ನೋಡ್ರಿ," ಎಂದಳು ತಬಸ್ಸುಮ್. "ನನ್ನ ಕೇಳಿದ್ರ ಇದು ಬರೀ ಕಲ್ಲಿನ ಧೂಳು. ಶಹಾಬಾದದಾಗ ಹಸರ ಎಲಿ ಯಾರು ನೋಡ್ಯಾರ?"

ಮಾತು ಸುಳ್ಳಲ್ಲ. ನೆಲಕ್ಕೆ ಹಾಸುವ ಪರಸಿಕಲ್ಲು ಕೊಯ್ಯುವ ಆ ಊರಲ್ಲಿ ಬೇವಿನ ಮರಗಳೂ ಮೈತುಂಬ ವಿಭೂತಿ ಬಳಿದುಕೊಂಡೇ ನಿಂತಿರುತ್ತವೆ.

ಅಂಬರಾಯ ಬಕೆಟ್ ತಂದ. ಓಣಿ ನೆರೆಯಿತು. ಕೂಸಿನ ಕಿವಿ ತೊಳೆದಂತೆ ಒಂದೊಂದೇ ಎಲೆ ತೊಳೆದ. ಧೂಳು ಹೋಯಿತು, ಬೆಳ್ಳಿ ಹೋಗಲಿಲ್ಲ. ಇನ್ನಷ್ಟು ಹೊಳೆಯಿತು. ತಬಸ್ಸುಮ್ ತಿಕ್ಕಿ ನೋಡಿದಳು.

"ಯಪ್ಪಾ, ಬೆಕ್ಕಿನ ಮರಿ ಹಂಗ ಸಣ್ಣ ಕೂದಲ ಅವರೀ! ಅಸಲಿ ಬೆಳ್ಳಿ!"

ಕಾಶೀನಾಥ ಗುಟ್ಟಾಗಿ ಹೋಗಿ ತನ್ನ ನಿಂಬೆಯ ಎಲೆ ತೊಳೆದ. ಹಸಿರಾಯಿತು. ಕೊಡಲಿ ಮನೆಯೊಳಗೆ ಹೋಯಿತು.

ಗಿಡ ಉಳಿಯಿತೆಂದು ಅಂಬರಾಯ ಹೋಳಿಗೆ ಹೊಡೆದು ಮಲಗಿದ. ಎದ್ದಾಗ ಸಂಜೆ; ಬನ್ನಿ ಎಲೆಯನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಹೊತ್ತು. ಬಾಗಿಲಲ್ಲಿ ಕಾಶೀನಾಥ ನಗುತ್ತ ನಿಂತಿದ್ದ. ಮೂರು ವರ್ಷದಲ್ಲಿ ಅವನ ಹಲ್ಲು ಕಂಡದ್ದು ಅದೇ ಮೊದಲು. ಅಂಬರಾಯನಿಗೆ ಸಂಶಯ ಬಂತು.

ಕಾಶೀನಾಥ ಅಪ್ಪಿಕೊಂಡು ಕೈಗೆ ಬನ್ನಿ ಇಟ್ಟ. ಅದರಡಿ ಮೆತ್ತಗೇನೋ ತಾಕಿತು.

"ಬಂಗಾರ ಎಲ್ಲಾ ಓಣ್ಯಾಗೂ ಕೊಡ್ತಾರ್ರಿ. ನಮ್ಮ ಓಣ್ಯಾಗ ಈ ಸಲ ಬೆಳ್ಳಿನೂ ಅದ!"

ಅವನ ಹಿಂದೆ ತಬಸ್ಸುಮ್, ಅವಳ ಹಿಂದೆ ನಲವತ್ತು ಮಂದಿ. ಎಲ್ಲರ ಮುಷ್ಟಿಯಲ್ಲೂ ಬೆಳ್ಳಿ. ಅಂಬರಾಯ ಹಿತ್ತಲಿಗೆ ಓಡಿದ. ಅಲ್ಲಿ ಎಲೆಯೊಂದೂ ಇಲ್ಲದ ಒಂದು ಕಟ್ಟಿಗೆ ನಿಂತಿತ್ತು.

"ಭಾಳ ಚಲೋ ಗಿಡರಿ," ಹಿಂದಿನಿಂದ ಕಾಶೀನಾಥ ಮನಸಾರೆ ಹೇಳಿದ. "ಇನ್ನೊಂದು ಹಚ್ರಿ. ಒಂದು ಸಾಲಲಿಲ್ಲ."