ದೇವರಿಗೆ ತೋರಿಸಿದ ಕಾಯಿ

ತೆಂಗಿನಕಾಯಿಯೊಳಗೆ ನೀರು ಇರುತ್ತದೆ ಎಂದು ಓದಿದ್ದೆ. ನಮ್ಮ ಮನೆಗೆ ಬರುವ ಕಾಯಿಯೊಳಗೆ ನೀರಿನ ಜೊತೆ ಒಂದು ಪ್ರಸಂಗವೂ ಇರುತ್ತದೆ. ಒಡೆದಾಗಲೆಲ್ಲ ಹೊರಗೆ ಬರುತ್ತದೆ.

ನಮ್ಮ ಮನೆ ಶಿಗ್ಗಾಂವಿಯಲ್ಲಿ, ಹೊಲ ಹಿರೇಬೆಂಡಿಗೇರಿಯಲ್ಲಿ. ನಾನು ಬಿ.ಎಸ್ಸಿ. ಮುಗಿಸಿ ಸವಣೂರಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡುತ್ತೇನೆ. ಅಣ್ಣ ಬ್ಯಾಂಕಿನಲ್ಲಿದ್ದಾನೆ. ಕುಮಟಾದಿಂದ ಹಾನಗಲ್ಲಿಗೆ ವರ್ಗವಾದಾಗ ಬರುತ್ತ ಕೊಂಕಣಿ ಹೆಂಡತಿಯನ್ನು ಕರೆತಂದ. ಆಕೆ, ಅಂದರೆ ನನ್ನ ವೈನಿ, ತನ್ನ ಈಳಿಗೆ ಮಣೆಯನ್ನು ತಂದಳು.

ಮೊದಲ ಕಾಯಿ

ನಮ್ಮ ಕಡೆ ಅಡುಗೆಗೆ ಶೇಂಗಾ, ಗುರೆಳ್ಳು, ಹೆಚ್ಚೆಂದರೆ ಒಣಕೊಬ್ಬರಿ. ಹಸಿಕಾಯಿ ಒಡೆಯುವುದು ದೇವರ ಮುಂದೆ ಮಾತ್ರ. ಹಾಗಾಗಿ ವೈನಿ ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಟಪ್ ಎಂಬ ಸದ್ದು ಕೇಳಿದಾಗ ಅವ್ವ ತಲೆ ಮೇಲೆ ಸೆರಗು ಹೊದ್ದುಕೊಂಡು, ಕೈ ಮುಗಿದುಕೊಂಡೇ ಒಳಗೆ ಹೋದಳು.

"ಯಾವ ದೇವರಿಗೆ ಒಡದೀ ಯವ್ವಾ?"

"ದೇವರಿಗಲ್ಲ ಅತ್ತೆ, ಹೀರೇಕಾಯಿಗೆ."

ಅವ್ವ ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡಳು. ಅವತ್ತು ಊಟಕ್ಕೆ ಕುಳಿತಾಗ ಹೀರೇಕಾಯಿ ಪಲ್ಯವನ್ನು ಒಂದು ಚಮಚ ಹಾಕಿಸಿಕೊಂಡಳು. ಉಳಿದದ್ದು ರೊಟ್ಟಿ, ಶೇಂಗಾ ಚಟ್ನಿ. ಮರುದಿನವೂ ಒಂದೇ ಚಮಚ. ಅದರ ಮರುದಿನವೂ ಅಷ್ಟೇ. "ಛಲೋ ಆಗೇತಿ" ಎನ್ನುತ್ತಿದ್ದಳು, ಆದರೆ ಇನ್ನಷ್ಟು ಹಾಕು ಎನ್ನುತ್ತಿರಲಿಲ್ಲ. ದೇವರಿಗೆ ತೋರಿಸದ ಕಾಯಿ ಆಕೆಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವೈನಿ ಒಂದು ದಿನ ನನ್ನೆದುರು ಹೇಳಿದಳು: "ಅತ್ತೆ ಒಂದು ಸಲ 'ಇನ್ನಷ್ಟು ಬಡಿಸು' ಅಂದರೆ ಸಾಕು ತಮ್ಮಾ. ಅವತ್ತಿಗೆ ನಾನು ಈ ಮನೆಯವಳಾದೆ ಅಂದುಕೊಳ್ತೇನೆ."

"ಅಪ್ಪ ದಿನಾ ಅಂತಾನಲ್ಲ ವೈನಿ?"

"ಮಾವ ಬಿಸಿನೀರಿಗೂ ಹಾಗೇ ಅಂತಾರೆ."

ಅದು ನಿಜವಾಗಿತ್ತು.

ಪ್ರಯೋಗ

ವೈನಿಯ ಅಡುಗೆಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಹೊಸದಾಗಿ ತುರಿದ ಕಾಯಿ, ಎಣ್ಣೆ ಸೋಕಿಸಿ ಹುರಿದ ಬ್ಯಾಡಗಿ ಮೆಣಸಿನಕಾಯಿ, ಚೂರು ಹುಣಸೆಹಣ್ಣು. ಮೂರನ್ನೂ ನುಣ್ಣಗೆ ರುಬ್ಬುತ್ತಾಳೆ. ಇಷ್ಟೇ. ಈರುಳ್ಳಿ ಕೆಂಪಗೆ ಹುರಿದು ಹಾಕಿದರೆ ಅದು ಅಂಬಟ್. ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಕೊದ್ದೆಲ್. ಸಾಸಿವೆ, ಕರಿಬೇವು ಹಾಕಿದರೆ ಘಶಿ. ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡುವುದು. ಕಾಲೇಜಿನಲ್ಲಿ ಇದನ್ನು ಕಲಿಯಲು ನನಗೆ ವರ್ಷಗಳು ಬೇಕಾದವು, ಅಲ್ಲಿ ಇಷ್ಟು ಘಮವೂ ಇರಲಿಲ್ಲ.

ಒಗ್ಗರಣೆಯೊಂದೇ ರುಚಿಯನ್ನು ಇಷ್ಟು ಬದಲಿಸುತ್ತದೆಯೇ ಎಂದು ಪರೀಕ್ಷಿಸಬೇಕೆನಿಸಿತು. ಒಂದು ರವಿವಾರ ವೈನಿ ಮೂರನ್ನೂ ಮಾಡಿದಳು. ಅಪ್ಪನ ಕಣ್ಣಿಗೆ ಟವೆಲ್ ಕಟ್ಟಿದೆ. ಮೊದಲ ಬಟ್ಟಲು ಕೈಗಿಟ್ಟೆ.

"ಯಾವುದು ಹೇಳಪ್ಪ."

"ತಿಳೀವಲ್ದು. ಇನ್ನೊಂದೀಟು ಹಾಕು."

ಹಾಕಿದೆ.

"ಈಗ?"

"ಬಾಯಾಗಿನ ರುಚಿ ಹೋತು. ಅನ್ನಾ ಹಾಕಿ ಕೊಡು, ಹೇಳ್ತೇನಿ."

ಎರಡನೆಯದಕ್ಕೂ ಇದೇ ಉತ್ತರ, ಮೂರನೆಯದಕ್ಕೂ ಇದೇ. ಪಾತ್ರೆಗಳ ತಳ ಕಂಡ ಮೇಲೆ ಅಪ್ಪ ತಾನೇ ಟವೆಲ್ ಬಿಚ್ಚಿ, ಅದರಿಂದಲೇ ಬಾಯಿ ಒರೆಸಿಕೊಂಡ.

"ಸರಿಯಾಗಿ ತಿಳೀಲಿಲ್ಲೋ ತಮ್ಮಾ. ಮುಂದಿನ ವಾರ ಮತ್ತ ಮಾಡೂಣು."

ಮಾದರಿ ಸಾಲದೆ ನಿಂತುಹೋದ ನನ್ನ ಮೊದಲ ಪರೀಕ್ಷೆ ಇದು.

ದುಂಡಸಿಯ ಮಾವ

ಅವ್ವನ ಅಣ್ಣ ದುಂಡಸಿಯಲ್ಲಿದ್ದಾನೆ. ಮಾತು ಶುರು ಮಾಡಿದರೆ ಬಸ್ಸು ತಪ್ಪಿಸಿಕೊಳ್ಳುವ ಮನುಷ್ಯ. ಅಣ್ಣ ಬೇರೆಯವರ ಪೈಕಿ ಮದುವೆಯಾದದ್ದರ ಬಗ್ಗೆ ನಾಲ್ಕು ಮಾತು ಹೇಳಲಿಕ್ಕೆಂದೇ ಬಂದ. ಊಟದ ಹೊತ್ತಾಗಿತ್ತು. ಹೇಳುತ್ತಲೇ ಉಂಡ, ಉಣ್ಣುತ್ತಲೇ ಹೇಳಿದ.

ಅವತ್ತಿನ ತೊಗರಿಬೇಳೆ ಸಾರಿನಲ್ಲಿ ತೆಪ್ಪಲ ಇತ್ತು. ಅದು ಕಾಳುಮೆಣಸಿನಂಥ ಒಣಕಾಯಿ, ಕರಾವಳಿಯವರು ಘಮಕ್ಕೆ ಹಾಕುತ್ತಾರೆ. ಅದನ್ನು ತಟ್ಟೆಯ ಬದಿಗಿಡಬೇಕು, ಅಗಿಯಬಾರದು. ಅಗಿದರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ವೈನಿ ಹೇಳಲು ಬಾಯಿ ತೆರೆದಳು. ಮಾವ ಕೈ ಎತ್ತಿ ತಡೆದ.

"ನಡುವ ಮಾತಾಡಬ್ಯಾಡ. ಹಿರೇರು ಮಾತಾಡಾಕತ್ತಾಗ ಸುಮ್ನ ಕೇಳಬೇಕು."

ಮಾವ ತಟ್ಟೆಯಲ್ಲಿ ಏನನ್ನೂ ಬಿಡುವವನಲ್ಲ. ಇದ್ದ ಕಾಳನ್ನೆಲ್ಲ ಒಟ್ಟಿಗೆ ಅಗಿದ.

"ನಮ್ಮ ಮಂದಿಯೊಳಗ ಹೆಣ್ಣು ಇರಲಿಲ್ಲೇನು? ನಮ್ಮ ಮಂ..."

ಅಲ್ಲಿಗೆ ನಿಂತಿತು. ಮಾವ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಇದೆ. ಆದರೆ ತನ್ನದಲ್ಲ ಎನ್ನುವಂತಿತ್ತು ಮುಖ. ವೈನಿ ಮಜ್ಜಿಗೆ ತಂದುಕೊಟ್ಟಳು. ಎಲ್ಲರೂ ನೆಮ್ಮದಿಯಿಂದ ಊಟ ಮುಗಿಸಿದೆವು. ಅವ್ವ ವೈನಿಯ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ವೈನಿಯೂ ನಕ್ಕಳು. ಅವರಿಬ್ಬರೂ ಒಂದೇ ವಿಷಯಕ್ಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ದುಂಡಸಿಯಿಂದ ಫೋನು ಬಂತು. ಮಾವನ ಹೆಂಡತಿ. ಅವನು ಹೋಗಿ ದೂರು ಹೇಳಿರಬೇಕೆಂದು ಹೆದರಿದೆವು.

ಅತ್ತಿ ದನಿ ತಗ್ಗಿಸಿ ಕೇಳಿದಳು: "ಆ ಕಾಳು ಎಲ್ಲಿ ಸಿಗತಾವ?"

ಹಾಗಲಕಾಯಿ ಪ್ರಸಾದ

ವೈನಿಯೇ ಒಂದು ದಾರಿ ಹುಡುಕಿದಳು. ದಿನಾ ಸ್ನಾನ ಮಾಡಿ, ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಗಂಟೆ ಬಾರಿಸಿ ಅಲ್ಲೇ ಕಾಯಿ ಒಡೆಯತೊಡಗಿದಳು. ಆಮೇಲೆ ಅದನ್ನು ತುರಿದು ಅಡುಗೆ. ಇನ್ನು ಅವ್ವನಿಗೆ ಆಕ್ಷೇಪಣೆ ಇರಲಿಲ್ಲ. ಪ್ರಸಾದವನ್ನು ತಟ್ಟೆಯಲ್ಲಿ ಬಿಡುವಂತೆಯೂ ಇರಲಿಲ್ಲ. ಬಡಿಸಿದಷ್ಟನ್ನೂ ಬಳಿದು ಉಣ್ಣತೊಡಗಿದಳು. ಆದರೆ ಇನ್ನಷ್ಟು ಎಂದು ಮಾತ್ರ ಕೇಳಲಿಲ್ಲ. ಪ್ರಸಾದವನ್ನು ಯಾರಾದರೂ ಕೇಳಿ ಹಾಕಿಸಿಕೊಳ್ಳುತ್ತಾರೆಯೇ?

ಗಂಟೆ, ಆಮೇಲೆ ಟಪ್. ಈ ಸದ್ದನ್ನು ದಿನಾ ಕೇಳಿದ ಓಣಿಯವರು ಅರ್ಥ ಹಚ್ಚಿಕೊಂಡರು: ಕುಮಟಾದ ಸೊಸೆ ದೊಡ್ಡ ಭಕ್ತೆ, ಏನೋ ಹರಕೆ ಹೊತ್ತಿದ್ದಾಳೆ. ಮಗ್ಗಲ ಮನೆಯ ಆಯಿ ಸಂತೆಯಿಂದ ಹಿರೇಕೆರೂರು ಕಡೆಯ ಕಾಯಿ ತಂದುಕೊಟ್ಟು, "ನಮ್ಮ ಹೆಸರಿಲೆ ಒಂದು ಒಡಸ್ರಿ" ಎಂದಳು. ಅದನ್ನು ನೋಡಿ ಉಳಿದವರೂ ತಂದರು. ವೈನಿ ಯಾರ ಕಾಯಿಯನ್ನೂ ಹಾಗೇ ಇಟ್ಟುಕೊಳ್ಳಲಿಲ್ಲ. ಅವತ್ತವತ್ತಿನ ಅಡುಗೆಯನ್ನು ಬಟ್ಟಲಿಗೆ ಹಾಕಿ ಮುಚ್ಚಿ ಕಳಿಸಿದಳು. ಅವರು ಕಣ್ಣಿಗೊತ್ತಿಕೊಂಡು ತಿಂದರು. ಕುಂಬಳಕಾಯಿಯ ದಿನ ಎಲ್ಲರೂ ಸಂತೋಷಪಟ್ಟರು. ಹಾಗಲಕಾಯಿಯ ದಿನ ಆಯಿ ಖಾಲಿ ಬಟ್ಟಲು ಹಿಡಿದು ಬಂದು, ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದಳು.

"ಸಿಟ್ಟಾಗಬ್ಯಾಡ್ರಿ. ನಿಮ್ಮ ದೇವರು ಸಿಹಿ ತಿನ್ನೂದಿಲ್ಲೇನ್ರಿ?"

ಅವ್ವ ಮುಖ ಗಂಭೀರ ಮಾಡಿಕೊಂಡಳು. "ಡಾಕ್ಟರ್ ಬ್ಯಾಡ ಅಂದಾರ."

ದೇವರ ಊಟ

ಹೋದ ತಿಂಗಳು ವೈನಿ ತಂಗಿಯ ನಿಶ್ಚಿತಾರ್ಥಕ್ಕೆಂದು ತವರಿಗೆ ಹೋದಳು. ಅವ್ವ ಮೊದಲ ದಿನ ಹುರುಪಿನಿಂದ ಕಡಲೆಹಿಟ್ಟಿನ ಜುಣಕ, ರೊಟ್ಟಿ ಮಾಡಿದಳು. ಮರುದಿನ ಬದನೆಕಾಯಿ. ಆಮೇಲೆ ತಟ್ಟೆಯ ಮುಂದೆ ಕುಳಿತು ಏನನ್ನೋ ಮರೆತವಳಂತೆ ಅತ್ತಿತ್ತ ನೋಡತೊಡಗಿದಳು.

ಒಂದು ಬೆಳಿಗ್ಗೆ ಗಂಟೆ ಕೇಳಿಸಿತು. ಆಮೇಲೆ ಟಪ್. ಹೋಗಿ ನೋಡಿದರೆ ಅವ್ವ ವೈನಿಯ ಈಳಿಗೆ ಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದಳು. ಕರಟಕ್ಕೆ ಅಂಟಿದ ಕಂದು ಸಿಪ್ಪೆಯೂ ತುರಿಯಲ್ಲಿ ಬೀಳುತ್ತಿತ್ತು. ರುಬ್ಬಿದಳು, ಕುದಿಸಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು, ನೀರು ಕುಡಿದು, "ಛಲೋ ಆಗೇತಿ" ಎಂದ. ಇನ್ನಷ್ಟು ಹಾಕು ಎನ್ನಲಿಲ್ಲ. ಅವ್ವನಿಗೆ ಅಷ್ಟು ಸಾಕಾಯಿತು. ವೈನಿಗೆ ಫೋನು ಹಚ್ಚಿಕೊಡಲು ನನಗೆ ಹೇಳಿದಳು.

"ಯಾವಾಗ ಬರ್ತಿ ಯವ್ವಾ?"

"ಸೋಮವಾರ ಅತ್ತೆ. ಯಾಕೆ, ಹುಷಾರಿಲ್ವಾ?"

"ನನಗೇನಾಗೇತಿ, ಗಟ್ಟಿ ಅದೇನಿ. ಇಲ್ಲೆ ದೇವರು ಊಟಾ ಬಿಟ್ಟಾನ."

ವೈನಿ ಮೆಲ್ಲಗೆ ಕೇಳಿದಳು: "ಏನು ಬೇಕಂತೆ ದೇವರಿಗೆ?"

"ಆ ಬಳ್ಳೊಳ್ಳಿ ಒಗ್ಗರಣಿದು."

ಅಪ್ಪ ತಲೆ ಎತ್ತಿದ. "ದೇವರು ಬಳ್ಳೊಳ್ಳಿ ತಿಂತಾನೇನ?"

"ನೀವು ಸುಮ್ನ ಕುಂಡ್ರಿ. ನಮ್ಮ ದೇವರು ತಿಂತಾನ," ಎಂದು ಅವ್ವ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. "ಮತ್ತ ಕೇಳಿಲ್ಲೆ. ಬಡಸೂವಾಗ ಕೈ ಹಿಡೀಬ್ಯಾಡ. ದೇವರು ನಾಚಿಕಿ ಸ್ವಭಾವದಾಂವ, ಇನ್ನಷ್ಟು ಹಾಕು ಅನ್ನಾಕ ಬರಂಗಿಲ್ಲ ಅವಗ."