ಹಳದಿ ದೀಪದ ತನಿಖೆ

ನೇತ್ರಾವತಿಗೆ ಗಂಡನಿಂದ ನಾಲ್ಕು ವರ್ಷದ ಸ್ಟೀರಿಂಗ್ ಬಾಕಿ ಬರಬೇಕಿತ್ತು. ಲೈಸೆನ್ಸ್ ಕೈಗೆ ಬಂದು ಅಷ್ಟು ವರ್ಷವಾಗಿತ್ತು. ಕಾರಿನ ಕೀಲಿ ಮಾತ್ರ ಒಂದು ದಿನವೂ ಬಂದಿರಲಿಲ್ಲ. ತಳಕಲ್ ಕಡೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರಮ್ಮ ದಿನಾ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಕೊತ್ತಂಬರಿ ಗಂಟು ದಾಟಿ, ಯಾರದೋ ಮೊಣಕೈ ತಿಂದು ಬಸ್ ಹತ್ತುವಳು. ಮನೆ ಮುಂದೆ ಸೆಕೆಂಡ್ ಹ್ಯಾಂಡ್ ಕಾರು ಬೇವಿನ ನೆರಳಲ್ಲಿ ನಿದ್ದೆ ಹೊಡೆಯುವುದು. ಗಂಡ ಮರಿಸ್ವಾಮಿ ಎದ್ದಾಗ ಅದರಲ್ಲಿ ಧರಣಿಗೆ ಹೋಗುವನು. (ದುಡಿಯುವ ಜನರ ಹಕ್ಕಿಗಾಗಿ. ಹೆಂಡತಿ ದುಡಿಯುವ ಜನರ ಪೈಕಿಯೋ ಅಲ್ಲವೋ ಎಂಬುದು ಇನ್ನೂ ಯಾವ ಠರಾವಿನಲ್ಲೂ ಇತ್ಯರ್ಥವಾಗಿರಲಿಲ್ಲ.)

ಮರಿಸ್ವಾಮಿ ಸಾಮಾನ್ಯ ಆಸಾಮಿಯಲ್ಲ. ಮೂವತ್ತು ವರ್ಷ ಕಚೇರಿಗಳ ಮುಂದೆ ಕೂತು ಕೂತು ಅಲ್ಲಿಯ ಕಟ್ಟೆಗಳನ್ನು ನುಣ್ಣಗೆ ಮಾಡಿದವನು. ಲಿಖಿತ ಭರವಸೆ ಸಿಗದೆ ಎದ್ದವನಲ್ಲ. ಮೇಲಾಗಿ ವೈಚಾರಿಕ ವೇದಿಕೆಯ ಜಿಲ್ಲಾ ಉಪಾಧ್ಯಕ್ಷ. ಅಮಾವಾಸ್ಯೆ ಬಂತೆಂದರೆ ಊರಿನ ಗಾಡಿಗಳೆಲ್ಲ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿಕೊಂಡು ಓಡಾಡಿದರೆ, ಇವನ ಕಾರು ಬೋಳು ಮೂತಿಯಲ್ಲಿ ಮೆರೆಯುತ್ತಿತ್ತು.

ಒಂದು ಶನಿವಾರ ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿತು. ಹತ್ತಿದ್ದು ಆರಲಿಲ್ಲ.

"ನಿನ್ನೆ ನೀ ಪೈಪ್ ಹಿಡದು ತೊಳದಿದ್ದಿ. ಒಳಗ ನೀರು ಹೊಕ್ಕೈತಿ," ಎಂದ ಮರಿಸ್ವಾಮಿ.

"ಮೈ ಅಷ್ಟ ತೊಳದೀನಿ. ಬಾನೆಟ್ ಮುಟ್ಟಾಕ ನೀವೆಲ್ಲಿ ಬಿಡ್ತೀರಿ?"

"ಹಂಗಾರ ಪೆಟ್ರೋಲ್ ಮುಚ್ಚಳ ಸಡ್ಲ ಬಿಟ್ಟಿ."

"ಕೀಲಿ ಇಲ್ದ ಮುಚ್ಚಳ ಹೆಂಗ ತಗೀಲಿ, ಹಲ್ಲಿಲೇನು?"

"ತನಿಖೆ ಆಗಬೇಕು! ತಪ್ಪಿತಸ್ಥರಿಗೆ ಶಿಕ್ಷೆ ಆಗಬೇಕು!" ಮುಷ್ಟಿ ರೂಢಿಯಂತೆ ತಾನಾಗಿ ಮೇಲೆ ಹೋಯಿತು.

"ಆಗ್ಲಿ. ತಪ್ಪು ನಂದಾದ್ರ ಲೈಸೆನ್ಸ್ ಹರದು ಒಲಿಗೆ ಹಾಕ್ತೀನಿ. ನಿಮ್ಮದಾದ್ರ ಕೀಲಿ ನನ್ನ ಕೈಗೆ, ನೀವು ಬಸ್ಸಿಗೆ. ಬರದು ಕೊಡ್ರಿ."

"ಮನಿಯಾಗೂ ಬರದು ಕೊಡಬೇಕೇನು?"

"ಬಾಯಿಮಾತು ನಂಬಬಾರದಂತ ಮೂವತ್ತು ವರ್ಷ ಮೈಕಿನ್ಯಾಗ ಯಾರು ಹೇಳ್ಯಾರ?"

ಹಳೆಯ ಕರಪತ್ರದ ಹಿಂಬದಿಯಲ್ಲಿ ಮರಿಸ್ವಾಮಿ ಬರೆದು ಸಹಿ ಹಾಕಿದ. ಗೆಲ್ಲುವುದು ಖಾತ್ರಿಯಿದ್ದವನ ಸಹಿ. ಬಾಲ ಕಾಗದದ ಅಂಚಿನವರೆಗೂ ಹೋಗಿತ್ತು.

ಗದಗ ರೋಡಿನ ಗ್ಯಾರೇಜಿನಲ್ಲಿ ಹೈದರಸಾಬರು ಸ್ಕ್ಯಾನರಿನ ವಾಯರು ಚುಚ್ಚಿ, ಕನ್ನಡಕ ಏರಿಸಿ ಓದಿದರು. "ಪರ್ಜ್ ವಾಲ್ವಿನ ಕರೆಂಟ್ ಕಟ್ ಆಗೈತಿ ಅಂತ ತೋರಸ್ತೈತ್ರಿ, ಲೀಡರ್."

"ಅಂದ್ರ?"

"ಟಾಕಿಯಾಗ ಪೆಟ್ರೋಲ್ ಆವಿ ಆಗತೈತ್ರಿ. ಅದು ಊರ ಗಾಳಿಗೆ ಸೇರಬಾರದಂತ ಇದ್ದಲಿ ಡಬ್ಬಿಯಾಗ ಹಿಡದಿಡ್ತಾರ. ಇಂಜಿನ್ ಓಡುವಾಗ ಈ ವಾಲ್ವು ಬಾಯಿ ತಗದು ಅದನ್ನ ಇಂಜಿನ್ನಿಗೆ ಕುಡಸ್ತೈತಿ. ಬಾಯಿ ತಗಿ ಅನ್ನಾಕ ಕರೆಂಟ್ ಬೇಕು. ಅದ ಬರವಲ್ದು."

"ಮುಚ್ಚಳ ಸಡ್ಲ ಬಿಟ್ರ?"

"ಅದು ಸೋರಿಕಿ ಅಂತ ತೋರಸ್ತೈತ್ರಿ. ಈ ತಕರಾರ ಬ್ಯಾರೆ."

ಒಂದು ಆರೋಪ ಬಿತ್ತು. ನೇತ್ರಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾರ ನೀರು ಹೊಕ್ಕು ವಾಲ್ವು ಸತ್ತೈತಿ," ಮರಿಸ್ವಾಮಿ ಬಿಡಲಿಲ್ಲ. "ಹೊಸಾದು ಹಾಕ್ರಿ!"

"ಮೊದ್ಲು ಅಳೀರಿ, ಆಮ್ಯಾಲ ಬೈರಿ. ಹೈದರಣ್ಣಾ, ಆ ಮೀಟರ್ ಕೊಡು ಇಲ್ಲೆ."

ಹೈದರಸಾಬರು ವಾಲ್ವಿನ ಪ್ಲಗ್ ಕಿತ್ತರು. ನೇತ್ರಾವತಿ ಮೀಟರಿನ ಎರಡೂ ಕಡ್ಡಿಗಳನ್ನು ವಾಲ್ವಿನ ಪಿನ್ನುಗಳಿಗೆ ಮುಟ್ಟಿಸಿದಳು. ಇಪ್ಪತ್ತಾರು ಓಮ್. "ಜೀವಂತ ಐತ್ರಿ ಅಕ್ಕಾರ," ಎಂದರು ಹೈದರಸಾಬರು. ಆಮೇಲೆ ನೇತ್ರಾವತಿ ಗಂಡನಿಗೆ ಕೀಲಿ ತಿರುವಲು ಹೇಳಿ, ವಾಯರಿನ ಕಡೆಯ ಪ್ಲಗ್ಗಿಗೆ ಕಡ್ಡಿ ಇಟ್ಟಳು. ಹನ್ನೆರಡು ವೋಲ್ಟ್ ಬರಬೇಕಾದ ಜಾಗದಲ್ಲಿ ಸೊನ್ನೆ. ಟಾರ್ಚ್ ಹಾಕಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು; ಒಂದು ಪಿನ್ನು ತಿಂದು ತೇಗಿದಂತಿತ್ತು.

"ಬಂತಲ್ಲ ಸತ್ಯ! ನೀರು!" ಮರಿಸ್ವಾಮಿ ಕುಣಿದ.

ಹೈದರಸಾಬರು ಬೆರಳಿಗೆ ಹತ್ತಿದ ಅಂಟನ್ನು ಮೂಸಿ ಹುಬ್ಬು ಗಂಟಿಕ್ಕಿದರು. "ನೀರಲ್ರಿ. ಉಪ್ಪಿನಕಾಯಿ ವಾಸನಿ ಬರಾಕತ್ತೈತಿ."

ಟಾರ್ಚಿನ ಬೆಳಕು ಮೇಲಕ್ಕೆ ಹೋಯಿತು. ಪ್ಲಗ್ಗಿನ ನೆತ್ತಿಗೆ ಸರಿಯಾಗಿ, ರಬ್ಬರ್ ಪೈಪಿಗೆ ಬಿಗಿದ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ. ಇಂಜಿನ್ನಿನ ಕಾವಿಗೆ ಬೆಂದ ಹಣ್ಣು ಹೊಟ್ಟೆಯೊಡೆದು ತೊಟ್ಟಿಕ್ಕಿತ್ತು.

ಮರಿಸ್ವಾಮಿ ಟಾರ್ಚಿಗೆ ಅಡ್ಡ ಬಂದು ನಿಂತ. "ಹಿಂದಿನ ಮಾಲಕ ಕಟ್ಟಿರಬೇಕು. ಜನಕ್ಕ ಎಷ್ಟು ಮೌಢ್ಯ ನೋಡ್ರಿ."

"ಗಾಡಿ ತಗೊಂಡು ಐದು ವರ್ಷ ಆತಲ್ರಿ ಲೀಡರ್. ಐದು ವರ್ಷದ ನಿಂಬಿಹಣ್ಣು ಇನ್ನೂ ರಸ ಬಿಡ್ತೈತೇನ್ರಿ?"

ನೇತ್ರಾವತಿ ಹಣ್ಣು ಕಟ್ಟಿದ್ದ ಪಟ್ಟಿಯನ್ನು ತಿರುವಿ, ಹಾಜರಿ ಕರೆಯುವ ದನಿಯಲ್ಲಿ ಓದಿದಳು: "ವೈಚಾರಿಕ ವೇದಿಕೆ. ಜಿಲ್ಲಾ ಸಮ್ಮೇಳನ." ಉಪಾಧ್ಯಕ್ಷರು ಎರಡು ದಿನ ಕೊರಳಲ್ಲಿ ಹಾಕಿಕೊಂಡು ತಿರುಗಿದ ಬ್ಯಾಡ್ಜಿನ ಪಟ್ಟಿ ಅದು.

"ಹೊರಗ ಕಟ್ಟಿದ್ರ ಜನ ನಗ್ತಿದ್ರು," ಎಂದ ಮರಿಸ್ವಾಮಿ, ನೆಲ ನೋಡುತ್ತ. "ಅಮಾಸಿಗೊಮ್ಮೆ ಸುಮ್ನ ಒಂದು ಮುಂಜಾಗ್ರತಿ."

"ಅದಕ್ಕ ಬಾನೆಟ್ ಮುಟ್ಟಬ್ಯಾಡ ಅಂತಿದ್ರಿ!"

ಹೈದರಸಾಬರು ನಗು ಬಾರದಂತೆ ತುಟಿ ಕಚ್ಚಿಕೊಂಡೇ ಕಿಲುಬು ಕೆರೆದು, ಹೊಸ ಪಿನ್ನು ಹಾಕಿದರು. ನೇತ್ರಾವತಿ ಮತ್ತೆ ಅಳೆದಳು. ಹನ್ನೆರಡು. ಸ್ಕ್ಯಾನರಿನಲ್ಲಿ ತಕರಾರು ಅಳಿಸಿದೊಡನೆ ಹಳದಿ ದೀಪ ಆರಿತು. ಅವಳು ಅಂಗೈ ಚಾಚಿದಳು.

"ಇದರ ಬಗ್ಗೆ ಒಂದು ಸಭಾ ಕರದು, ಎಲ್ಲಾರ ಅಭಿಪ್ರಾಯ ತಗೊಂಡು..." ಎಂದು ಮರಿಸ್ವಾಮಿ ಶುರು ಮಾಡಿದ. ಅವಳು ಅವನ ಸಹಿಯಿದ್ದ ಕರಪತ್ರವನ್ನು ತಿರುವಿ ಮುಂಬದಿ ತೋರಿಸಿದಳು. ಅವನೇ ಬರೆದು ಅಚ್ಚು ಹಾಕಿಸಿದ್ದ ಘೋಷಣೆ, ಕೆಂಪು ಅಕ್ಷರದಲ್ಲಿ: ಭರವಸೆ ಸಾಕು, ಜಾರಿ ಬೇಕು.

ಕೀಲಿ ಜಾರಿಯಾಯಿತು. ನೇತ್ರಾವತಿಯ ಕೈಯಲ್ಲಿ ಕಾರು ಗೇರು ಬದಲಿಸುತ್ತ, ಒಮ್ಮೆಯೂ ಬಂದ್ ಬೀಳದೆ ಹೋಯಿತು. ಉಪಾಧ್ಯಕ್ಷರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ಮುಂದಿನ ವಾರ ಯಲಬುರ್ಗಾದ ಸಭೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋದ ಮರಿಸ್ವಾಮಿ, ಹೆಣ್ಣುಮಕ್ಕಳ ಸಮಾನತೆಗಾಗಿ ತಾನು ಸ್ವಇಚ್ಛೆಯಿಂದ ಕಾರು ಬಿಟ್ಟುಕೊಟ್ಟೆನೆಂದು ಭಾಷಣ ಬಿಗಿದ. ನೆರೆದ ಗಂಡಸರು ಭಾರಿ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಕೀಲಿ ಜೇಬಿನಲ್ಲಿ ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು ಮನೆಗೆ ಹೋದರು.

ಓದಿ ನಗುತ್ತಿರುವ ಸ್ವಾಮಿ, ನಿಮ್ಮದೂ ಜೇಬಿನಲ್ಲೇ ಇದೆಯಲ್ಲವೇ? ಗಾಡಿ ಓಡಿಸಲು ಬಲ್ಲ ಹೆಣ್ಣುಮಗಳು ನಿಮ್ಮ ಮನೆಯಲ್ಲಿ ಬಸ್ಸಿಗೆ ಕಾಯುತ್ತಿದ್ದರೆ, ಎದ್ದು ಹೋಗಿ ಅವಳ ಕೈಗೆ ಕೀಲಿ ಕೊಡಿ. ನಾಳೆಯಲ್ಲ, ಈಗ.