ಖಾಲಿಯಾಗದ ಬೆಂಚು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ನಾಯಿಯ ಬಾಲ.

ಸಾಹೇಬರು ನಗರಸಭೆಯ ಗುಮಾಸ್ತರಿಗೆ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದರು: ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗುವ ಮುದುಕ ಸಂಜೆಯೊಳಗೆ, ಮನೆಯಿಲ್ಲದವರಿಗಾಗಿ ಕಟ್ಟಿಸಿದ ಹೊಸ ಆಶ್ರಯ ಕೇಂದ್ರವನ್ನು ಸೇರಿರಬೇಕು. ತಾವು ಬಂದಾಗ ಬೆಂಚು ಖಾಲಿಯಿರಬೇಕು. ಇಲ್ಲವಾದರೆ ಗುಮಾಸ್ತರಿಗೆ ಚರಂಡಿ ವಿಭಾಗಕ್ಕೆ ವರ್ಗ.

ಗುಮಾಸ್ತರು ಟೀ ಲೋಟ ಹಿಡಿದು ಹೋಗಿ ಮುದುಕನ ಪಕ್ಕ ಕೂತರು. "ಯಜಮಾನ್ರೇ, ಅಲ್ಲಿ ಮೆತ್ತಗಿನ ಹಾಸಿಗೆ ಇದೆ, ಬಿಸಿನೀರಿದೆ. ಯಾರೂ ಎಬ್ಬಿಸಲ್ಲ. ಬನ್ನಿ."

ಮುದುಕ ಬೆಂಚಿನ ಕೆಳಗೆ ನೋಡಿದ. ಕಂದು ನಾಯಿಯೊಂದು ಬಾಲ ಅಲ್ಲಾಡಿಸಿತು. "ಇವಳನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ಕೇಂದ್ರದ ಮೇಲ್ವಿಚಾರಕಿ ನಾಯಿಯನ್ನು ಸುತರಾಂ ಒಪ್ಪಲಿಲ್ಲ. ಕಚೇರಿಯಲ್ಲಿ ಸಲಹೆಗಳಿಗೇನೂ ಬರವಿರಲಿಲ್ಲ. ಮುದುಕನ ಸೊಸೆ ಅಂತ ಸೇರಿಸಿಬಿಡಿ ಎಂದರು ಟೈಪಿಸ್ಟಮ್ಮ. ಜೀಪಿನ ಚಾಲಕ, ಗುಮಾಸ್ತ ಸಾರ್ ಹೇಗಿದ್ದರೂ ಒಂಟಿ ಜೀವ, ಅವರೇ ಸಾಕಿಕೊಳ್ಳಲಿ ಎಂದ. ಬೇರೆ ದಾರಿ ಕಾಣದೆ ಗುಮಾಸ್ತರು ಮುದುಕನ ಕೈ ಹಿಡಿದು, ನಾಯಿಗೊಂದು ನೆಲೆಯಾಗುವ ತನಕ ಕೈಬಿಡುವುದಿಲ್ಲವೆಂದು ಮಾತು ಕೊಟ್ಟರು. ಮುದುಕ ತನ್ನ ಕಂಬಳಿಯನ್ನು ನಾಯಿಗೆ ಬಿಟ್ಟುಕೊಟ್ಟು, ತಿರುತಿರುಗಿ ನೋಡುತ್ತ ಹೋದ.

ಹುಟ್ಟಿದಾಗಿನಿಂದ ಆಕಾಶವನ್ನೇ ಸೂರು ಮಾಡಿಕೊಂಡಿದ್ದ ನಾಯಿ ಗುಮಾಸ್ತರ ಬಾಡಿಗೆ ಕೋಣೆಯಲ್ಲಿ ಫ್ಯಾನು ತಿರುಗಿದ್ದನ್ನು ಕಂಡದ್ದೇ ತಡ, ಕಾರ್ಖಾನೆಯ ಸೈರನ್ನಿನಂತೆ ಊಳಿಟ್ಟಿತು. ಫ್ಯಾನು ನಿಲ್ಲಿಸಿದರೆ ಗೋಡೆಗಳನ್ನು ನೋಡಿ ಊಳಿಟ್ಟಿತು. ಎದುರುಮನೆ ಅಜ್ಜಿ, ಯಾರು ಹೋದರಪ್ಪಾ ಎಂದು ಕೇಳುತ್ತ ಅಳುತ್ತಲೇ ಬಂದರು. ಕೊನೆಗೆ ಮನೆ ಒಡತಿ ಬಂದಳು.

"ನಾಯಿ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನೀವು."

"ಮಾತು ಕೊಟ್ಟಿದ್ದೀನಿ, ಅಕ್ಕಾವ್ರೇ."

"ಹಾಗಾದ್ರೆ ಇಬ್ರೂ."

ಹಾಗಂದರೂ ಆಕೆ ಟ್ರಂಕನ್ನು ಒಂದು ಕಡೆ ತಾನೇ ಹಿಡಿದು ಮೆಟ್ಟಿಲಿಳಿಸಿಕೊಟ್ಟಳು. ನಾಯಿಗೆ ಬಿಸ್ಕತ್ತೂ ಹಾಕಿದಳು.

ನಾಯಿ ಹಗ್ಗ ಜಗ್ಗಿಕೊಂಡು ನೆಟ್ಟಗೆ ತನ್ನ ಮನೆಗೇ ಹೋಯಿತು. ಬೆಂಚಿನ ಕೆಳಗೆ ನುಸುಳಿ, ಉಸಿರುಬಿಟ್ಟು, ಕಣ್ಣು ಮುಚ್ಚಿತು. ಟ್ರಂಕು ಹೊತ್ತು ಸೊಂಟ ಹಿಡಿದುಕೊಂಡಿದ್ದ ಗುಮಾಸ್ತರೂ, ಒಂದೇ ಗಳಿಗೆ ಎಂದುಕೊಂಡು, ಬೆಂಚಿನ ಮೇಲೆ ಕಾಲು ಚಾಚಿದರು.

ಯಾರೋ ಮೆಲ್ಲಗೆ ಭುಜ ತಟ್ಟಿದಾಗ ಸಂಜೆಯಾಗಿತ್ತು. ಸ್ನಾನ ಮಾಡಿ, ತಲೆ ಬಾಚಿಕೊಂಡಿದ್ದ ಮುದುಕ ಟೀ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದ.

"ಯಜಮಾನ್ರೇ, ಅಲ್ಲಿ ಮೆತ್ತಗಿನ ಹಾಸಿಗೆ ಇದೆ, ಬಿಸಿನೀರಿದೆ. ಯಾರೂ ಎಬ್ಬಿಸಲ್ಲ. ಬನ್ನಿ."

ಗುಮಾಸ್ತರು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಬಾಲ ಅಲ್ಲಾಡಿತು.

"ಇವಳನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ತಿರುವಿನಲ್ಲಿ ಸಾಹೇಬರ ಜೀಪು ಕಾಣಿಸಿತು. ಬೆಳಿಗ್ಗೆ ಒಬ್ಬನೇ ಇದ್ದ ಬೆಂಚಿನ ಮೇಲೆ ಈಗ ಇಬ್ಬರಿದ್ದರು.